ಕರುಳಿನ ಮುನಿಸು

ಮಲಬದ್ಧತೆಯ ಮಾತನ್ನು ನಾಲ್ವರೆದುರು ಎತ್ತಲು ನಾವು ನಾಚುತ್ತೇವೆ. ಆದರೆ ಅದರ ಬಾಧೆಯನ್ನು ವರ್ಷಗಟ್ಟಲೆ ಮೌನವಾಗಿ ಅನುಭವಿಸುತ್ತೇವೆ. ದಿನವೂ ಶೌಚವಾಗಲೇಬೇಕೆಂಬ ನಿಯಮವೇನೂ ಇಲ್ಲ. ವಾರದಲ್ಲಿ ಮೂರು ಸಲಕ್ಕಿಂತ ಕಡಿಮೆಯಾಗುವುದು, ಮಲವು ಗಟ್ಟಿಯಾಗಿ ತಿಣುಕಬೇಕಾಗುವುದು ಇದರ ಲಕ್ಷಣಗಳು. ಇದರೊಡನೆ ಹೊಟ್ಟೆನೋವೂ ಮರಳಿ ಮರಳಿ ಬರುತ್ತಿದ್ದರೆ ಅದು ವೈದ್ಯರು ಐ.ಬಿ.ಎಸ್. ಎಂದು ಕರೆಯುವ ಕೆರಳಿದ ಕರುಳಿನ ವ್ಯಾಧಿಯಾಗಿರಬಹುದು. ಇದರಲ್ಲಿ ಕರುಳಿನಲ್ಲಿ ಹುಣ್ಣಾಗಲಿ ಗಾಯವಾಗಲಿ ಕಾಣದು. ಕರುಳಿನ ಚಲನೆಯೂ, ಮಿದುಳಿನೊಡನೆ ಅದಕ್ಕಿರುವ ನರಗಳ ಸಂಪರ್ಕವೂ ಹದಗೆಟ್ಟಿರುತ್ತವೆ. ಹಾಗೆಂದಮಾತ್ರಕ್ಕೆ ನೋವು ಕಲ್ಪಿತವಲ್ಲ.

ಉಪಾಯವೇನು, ಶ್ರೋತೃಗಳೇ? ಉಂಡೊಡನೆ ದೊಡ್ಡ ಕರುಳು ತಾನಾಗಿ ಚಲಿಸತೊಡಗುತ್ತದೆ. ಆದುದರಿಂದ ಬೆಳಗಿನ ಉಪಾಹಾರದ ತರುವಾಯ ಅವಸರವಿಲ್ಲದೆ ಶೌಚಕ್ಕೆ ಕೂರುವುದು ಲೇಸು. ಎತ್ತರದ ಪೀಠವಾದರೆ ಕಾಲಡಿಗೆ ಮಣೆಯಿಟ್ಟುಕೊಳ್ಳಬೇಕು. ಆಹಾರದ ನಾರಿನಂಶವನ್ನು ದಿನಕ್ಕೆ 25ರಿಂದ 30 ಗ್ರಾಮಿನವರೆಗೆ ಮೆಲ್ಲಮೆಲ್ಲನೆ ಏರಿಸಬೇಕು. ಗೋಧಿಯ ತೌಡು ಕೆಲವರಿಗೆ ಹೊಟ್ಟೆಯುಬ್ಬರವನ್ನು ತರುವುದು. ತುಂಬು ಲೋಟ ನೀರಿನೊಡನೆ ಇಸಬಗೋಲು ಮೇಲು. ಈರುಳ್ಳಿ, ಬೆಳ್ಳುಳ್ಳಿ, ಕಾಳುಗಳು ಕರುಳಿನಲ್ಲಿ ಹುಳಿತು ವಾಯುವನ್ನು ಹುಟ್ಟಿಸುವುವು. ಆಸ್ಟ್ರೇಲಿಯದ ಮೋನಾಶ್ ವಿಶ್ವವಿದ್ಯಾನಿಲಯದವರು ರೂಪಿಸಿದ ಪಥ್ಯದಲ್ಲಿ ಇಂಥವನ್ನು ಕೆಲವು ವಾರ ಬಿಟ್ಟು, ಬಳಿಕ ಒಂದೊಂದಾಗಿ ಸೇರಿಸಿ ಪರೀಕ್ಷಿಸುತ್ತಾರೆ.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕದ ಇಳಿತ, ರಕ್ತಹೀನತೆ, 50 ವರ್ಷದ ಮೇಲೆ ಹೊಸದಾಗಿ ತೋರಿದ ವ್ಯತ್ಯಾಸ, ಇವು ಮನೆಮದ್ದಿಗೆ ಸಲ್ಲವು. ಅಂತಹ ವೇಳೆಯಲ್ಲಿ ನಾಚಿಕೆಯನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣೋಣ.