ಪೊಲೀಸ್ ಮಹಾನಿರ್ದೇಶಕ ಪದವಿಗೇರಿದ ಪ್ರಥಮ ಮಹಿಳೆ



2004ರಲ್ಲಿ ಶ್ರೀಮತಿ ಕಂಚನ್ ಚೌಧರಿ ಭಟ್ಟಾಚಾರ್ಯ ಅವರು ಉತ್ತರಾಂಚಲದ, ಅಂದರೆ ಇಂದಿನ ಉತ್ತರಾಖಂಡದ, ಪೊಲೀಸ್ ಮಹಾನಿರ್ದೇಶಕರಾಗಿ ನೇಮಕಗೊಂಡರು. ಒಂದು ರಾಜ್ಯದ ಇಡೀ ಪೊಲೀಸ್ ಪಡೆಯ ಹೊಣೆಯನ್ನು ಮಹಿಳೆಯೊಬ್ಬರಿಗೆ ವಹಿಸಿದ್ದು ಭಾರತದಲ್ಲಿ ಅದೇ ಮೊದಲು. ಶ್ರೀಮತಿ ಕಿರಣ್ ಬೇಡಿಯವರು 1972ರಲ್ಲಿ ಭಾರತೀಯ ಪೊಲೀಸ್ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆ. ಮರುವರ್ಷ ಸೇರಿದ ಕಂಚನ್ ಅವರು ಎರಡನೆಯವರು. ಸೇವೆಯ ಬಾಗಿಲು ತೆರೆದ ಮೇಲೂ ರಾಜ್ಯದ ಅತ್ಯುನ್ನತ ಪೀಠವನ್ನು ತಲುಪಲು ಮೂವತ್ತೆರಡು ವರ್ಷಗಳೇ ಬೇಕಾದವು.

ಅವರು ಈ ಸೇವೆಯನ್ನು ಆರಿಸಿಕೊಂಡುದರ ಹಿಂದೆ ಕಹಿ ಅನುಭವವೊಂದಿತ್ತು. ಆಸ್ತಿ ವಿವಾದವೊಂದರಲ್ಲಿ ತಂದೆಯವರ ಮೇಲೆ ಹಲ್ಲೆಯಾದಾಗ ಪೊಲೀಸರು ದೂರನ್ನು ದಾಖಲಿಸಿಕೊಳ್ಳಲಿಲ್ಲವೆಂದು ಅವರು ಹೇಳಿಕೊಂಡಿದ್ದರು. ಅಂತಹ ಇಲಾಖೆಯ ಸಹವಾಸವೇ ಬೇಡವೆನ್ನುವವರು ಬಹಳ ಮಂದಿ. ಅವರಾದರೋ ಅದರ ಒಳಕ್ಕೇ ಹೊರಟರು. ಗಂಭೀರ ಅಪರಾಧದ ಮಾಹಿತಿಯನ್ನು ಠಾಣಾಧಿಕಾರಿಯು ಬರಹಕ್ಕಿಳಿಸಬೇಕೆಂಬ ನಿಯಮ ಆಗಲೂ ಇತ್ತು. ಆದರೂ ಅದು ಕಡ್ಡಾಯವೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಂತಹ ಅಪರಾಧವು ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಸಮೀಪದ ಠಾಣೆಯಲ್ಲಿ ದೂರು ನೀಡಬಹುದು.

ಪೊಲೀಸ್ ಸೇವೆಯಲ್ಲಿ ಬಡ್ತಿಯೆಂಬುದು ಕೇವಲ ವರ್ಷಗಳ ಲೆಕ್ಕವಲ್ಲ. ಜಿಲ್ಲೆಯ ಆಡಳಿತ, ಗಲಭೆಯ ನಿಯಂತ್ರಣ, ಕ್ಲಿಷ್ಟ ಪ್ರಕರಣಗಳ ತನಿಖೆ ಇವುಗಳ ಅನುಭವವೇ ಸೇವಾ ದಾಖಲೆಗೆ ತೂಕ ತರುವಂಥದು. ಮಹಿಳಾ ಅಧಿಕಾರಿಯನ್ನು ಕಚೇರಿಯ ಸುರಕ್ಷಿತ ಕೆಲಸಕ್ಕೆ ನಿಯೋಜಿಸುವುದು ಮೇಲ್ನೋಟಕ್ಕೆ ಕಾಳಜಿಯಂತೆ ತೋರುತ್ತದೆ. ವಾಸ್ತವವಾಗಿ ಅದು ಆಕೆಯ ಮುಂದಿನ ದಾರಿಯನ್ನೇ ಮೊಟಕುಗೊಳಿಸುತ್ತದೆ. ಕಂಚನ್ ಅವರಿಗೆ ಹೊರಗಿನ ಕೆಲಸ ದೊರೆಯಿತು. ಅವರು ಬರೇಲಿಯಲ್ಲಿ ಉಪ ಮಹಾನಿರೀಕ್ಷಕರಾಗಿದ್ದರು. 1988ರಲ್ಲಿ ಲಖನೌದಲ್ಲಿ ಹತ್ಯೆಗೀಡಾದ ಬ್ಯಾಡ್ಮಿಂಟನ್ ಆಟಗಾರ ಸೈಯದ್ ಮೋದಿಯವರ ಪ್ರಕರಣದ ತನಿಖೆಯಲ್ಲಿಯೂ ಕಾರ್ಯನಿರ್ವಹಿಸಿದರು.

ಅವರ ಹೆಸರನ್ನರಿಯದವರೂ ಅವರ ಕಥೆಯನ್ನು ಬಲ್ಲರು. 1989ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಉಡಾನ್’ ಧಾರಾವಾಹಿಗೆ ಅವರ ಜೀವನವೇ ಪ್ರೇರಣೆ. ಸೋದರಿ ಕವಿತಾ ಚೌಧರಿಯವರೇ ಅದನ್ನು ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಎಂಬ ಪೊಲೀಸ್ ಅಧಿಕಾರಿಯ ಪಾತ್ರವನ್ನು ವಹಿಸಿದ್ದರು. ಖಾಕಿ ಸಮವಸ್ತ್ರ ತೊಟ್ಟ ಹೆಣ್ಣನ್ನು ಎಷ್ಟೋ ಮನೆಗಳವರು ಮೊದಲು ಕಂಡದ್ದು ಆ ಕಿರುತೆರೆಯ ಮೇಲೆಯೇ.

ಕಂಚನ್ ಅವರು 2007ರ ಅಕ್ಟೋಬರ್ 31ರಂದು ನಿವೃತ್ತರಾದರು. 2019ರ ಆಗಸ್ಟ್ ತಿಂಗಳಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಅವರು ನಿವೃತ್ತರಾದ ಸರಿಯಾಗಿ ಹತ್ತು ವರ್ಷಗಳಿಗೆ, 2017ರ ಅಕ್ಟೋಬರ್ 31ರಂದು, ಕರ್ನಾಟಕದ ಪೊಲೀಸ್ ಪಡೆಗೂ ಪ್ರಥಮ ಮಹಿಳಾ ಮುಖ್ಯಸ್ಥರಾಗಿ ಶ್ರೀಮತಿ ನೀಲಮಣಿ ರಾಜು ಅವರು ನೇಮಕಗೊಂಡರು.