ಪಾಪು ಮಾತಾಡೋ ಮೊದಲೇ ಕನ್ನಡ ಕಲಿಯುತ್ತೆ

ದೆಹಲಿ, ಪುಣೆ ಅಂತ ನೆಲೆಸಿರೋ ನಮ್ಮವರು ಆಗಾಗ ಹೇಳೋ ಮಾತಿದೆ: "ಪಾಪು ಮಾತಾಡೋಕೆ ಶುರು ಮಾಡಲಿ, ಆಮೇಲೆ ಕನ್ನಡ ಕಲಿಸೋಣ." ಆದರೆ ಮಗುವಿನ ಕಿವಿ ಅಲ್ಲೀತನಕ ಕಾಯೋದಿಲ್ಲ.

7ನೇ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿಗೆ ಅಮ್ಮನ ದನಿ ಕೇಳಿಸುತ್ತೆ. ಹುಟ್ಟಿ 3 ದಿನವೂ ಆಗದ ಶಿಶುಗಳು ಅಮ್ಮನ ದನಿ ಕೇಳೋದಕ್ಕಾಗಿ ನಿಪ್ಪಲ್ ಚೀಪುವ ಲಯವನ್ನೇ ಬದಲಿಸಿದ್ದು 1980ರ ಒಂದು ಪ್ರಯೋಗದಲ್ಲಿ ಕಂಡಿತು.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇನ್ನೊಂದು ವಿಷಯ ತೋರಿಸಿದರು. ಹಿಂದಿಯ 'ತ' ಮತ್ತು 'ಟ'ಗಳ ವ್ಯತ್ಯಾಸ ಇಂಗ್ಲಿಷ್ ಮನೆಯ 6ರಿಂದ 8 ತಿಂಗಳ ಮಕ್ಕಳಿಗೂ ತಿಳಿಯುತ್ತಿತ್ತು. 10ರಿಂದ 12 ತಿಂಗಳಾಗುವಷ್ಟರಲ್ಲಿ ಹೆಚ್ಚಿನವರಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಕೇಳದ ಶಬ್ದವನ್ನ ಮಿದುಳು ಬದಿಗಿಡುತ್ತೆ.

ಹಾಗಾದ್ರೆ ಯೂಟ್ಯೂಬ್‌ನಲ್ಲಿ ಕನ್ನಡ ಹಾಡು ಹಾಕಿಟ್ರೆ ಸಾಕಾ? ಪೆಟ್ರೀಷಿಯಾ ಕುಲ್ ತಂಡ ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಮಕ್ಕಳು 12 ಸಲದಲ್ಲೇ ಆ ಶಬ್ದಗಳನ್ನ ಕಲಿತರು. ಅದನ್ನೇ ಟಿವಿಯಲ್ಲಿ ನೋಡಿದವರು ಕಲಿಯಲಿಲ್ಲ. ಇದು ಪ್ರಕಟವಾಗಿದ್ದು 2003ರಲ್ಲಿ.

ವರ್ಷ ದಾಟಿದ್ರೆ ಬಾಗಿಲು ಮುಚ್ಚಿತು ಅಂತಲ್ಲ. ಆಮೇಲೂ ಕಲಿಯಬಹುದು, ಶ್ರಮ ಹೆಚ್ಚು ಅಷ್ಟೇ. ಎರಡು ಭಾಷೆ ಕೇಳಿದ್ರೆ ಮಗುವಿಗೆ ಗೊಂದಲ ಆಗುತ್ತೆ ಅನ್ನೋ ಭಯವೂ ಬೇಡ. ಆದ್ದರಿಂದ ಸ್ನಾನ ಮಾಡಿಸುವಾಗ, ತುತ್ತು ಕೊಡುವಾಗ ಮುಖ ನೋಡಿ ಮಾತಾಡಿ. "ಬಾಳೆಹಣ್ಣು ಬೇಕಾ ಪುಟ್ಟಾ?" ಅಂತ ಕೇಳಿ. ಉತ್ತರ ಬರದಿದ್ರೂ ಆ 'ಳ', ಆ 'ಣ' ಮಗುವಿನ ಕಿವಿಯಲ್ಲಿ ಉಳಿಯುತ್ತೆ.