ಸದ್ದಲೇ ಎಂದ ಮೇಲೆ



ಭಕ್ತಿಯ ಮೇಲೆ ಮಾತಾಡುವವರು ನಾರದರ ಭಕ್ತಿಸೂತ್ರದಿಂದ ಶುರು ಮಾಡುವುದು ರೂಢಿ. ನಾನು ನಮ್ಮ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಿಂದ ಶುರು ಮಾಡುತ್ತೇನೆ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಡೆಂಕನಮರಡಿಯ ತುಂಬ ಜನ. ಕಂಬಳಿ ಹೊದ್ದ, ಮೈಲಾರಲಿಂಗನ ಭಕ್ತರಾದ ಗೊರವರು, ಡಮರುಗದ ಸದ್ದು, ಹಣೆಯ ಮೇಲೆ ಭಂಡಾರ, ಬಾಯಲ್ಲಿ ಏಳುಕೋಟಿಯ ಘೋಷ. ಉಪವಾಸವಿದ್ದ ಗೊರವಯ್ಯ ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರುತ್ತಾನೆ. ಮೇಲೆ ನಿಂತು 'ಸದ್ದಲೇ' ಎನ್ನುತ್ತಾನೆ. ಅಷ್ಟೇ. ಅಷ್ಟು ಜನ ಉಸಿರು ಬಿಗಿಹಿಡಿಯುತ್ತಾರೆ, ಕೂಸು ಅತ್ತರೂ ಕೇಳುವಷ್ಟು ಮೌನ. ಮುಂದಾಗುವುದನ್ನು ಹೇಳುವ ಒಂದೇ ಒಂದು ಸಾಲಿನ ಕಾರ್ಣಿಕ ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಜನ ಕೈಯೊಡ್ಡಿ ಹಿಡಿಯುತ್ತಾರೆ.

ಭಾಗವತ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದು ಶ್ರವಣ. ಅದರ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಆ ಮೌನದಿಂದ. ಆ ಸಾಲಿನಲ್ಲಿ ರೈತ ಮಳೆ-ಬೆಳೆ ಹುಡುಕುತ್ತಾನೆ. ಟಿವಿಯವರು ಸರ್ಕಾರದ ಆಯಸ್ಸು ಹುಡುಕುತ್ತಾರೆ. ಅದು ಬೇರೆ ಮಾತು.

ನಾವು ಭಕ್ತಿಯನ್ನು ಭಾವವೆಂದು ಬರೆಯುತ್ತೇವೆ. ಈ ಸೀಮೆಯಲ್ಲಿ ಅದು ಮೊದಲು ಮೈಕೆಲಸ. ಹೂವಿನಹಡಗಲಿಯ ಮಲ್ಲಿಗೆ ತೋಟಕ್ಕೆ ಬೆಳಗಿನ ಜಾವ ಹೋಗಿ ನೋಡಿ: ಬಿರಿಯದ ಮೊಗ್ಗನ್ನೇ ಆರಿಸಿ ಬಿಡಿಸುವ ಬೆರಳುಗಳು, ನೂಲು ಸುತ್ತುವ ಬೆರಳುಗಳು. ಹಂಪೆಯ ಕವಿ ಹರಿಹರ ವಿರೂಪಾಕ್ಷನಿಗೆ ಹೂ ಕೊಯ್ಯುವ ಕೆಲಸದ ಮೇಲೆಯೇ 'ಪುಷ್ಪರಗಳೆ' ಬರೆದ. ಪೂಜೆಯಷ್ಟೇ ಅಲ್ಲ, ಪೂಜೆಗೆ ಮುಂಚಿನ ದುಡಿಮೆಯೂ ಕಾವ್ಯವಾಗಬಲ್ಲದೆಂದು ಅವನಿಗೆ ಗೊತ್ತಿತ್ತು. ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರಲ್ಲ, ಅಲ್ಲಿಯೂ ಭಕ್ತಿ ಕೊಡ ಹೊತ್ತು ಮೇಲೇರುತ್ತದೆ. ನಮ್ಮೂರು ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಬಾಗಿಲವಾಡದ ಮುಂದೆ ನಿಂತವರಿಗೂ ಭಕ್ತಿ ದುಡಿಮೆಯೆಂದೇ ತೋರುತ್ತದೆ. 1057ರಲ್ಲಿ, ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಅದನ್ನು ಕಟ್ಟಿಸಿದ ಮಂತ್ರಿ ದೇಮರಸನ ಹೆಸರು ಉಳಿದಿದೆ. ಕೂದಲೆಳೆಯಂತೆ ಬಳ್ಳಿ ಬಿಡಿಸಿದ, ಉಳಿ ಹಿಡಿದವರ ಹೆಸರು ಹೇಳುವವರಿಲ್ಲ.

ಆದರೆ ಇದೇ ಸೀಮೆಯಲ್ಲಿ ದೇವರ ಹೆಸರಲ್ಲೇ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದೂ ಉಂಟು. ಹರಪನಹಳ್ಳಿಯ ಉಚ್ಚಂಗಿದುರ್ಗದ ಹೆಸರು ಆ ಕಥೆಯೊಂದಿಗೆ ಅಂಟಿಕೊಂಡಿದೆ. 1982ರ ಕಾಯ್ದೆ ಅದನ್ನು ಅಪರಾಧವೆಂದಿತು. ಕೊಡುವವರು ಒಬ್ಬರು, ಕೊಡಲ್ಪಟ್ಟವರು ಇನ್ನೊಬ್ಬರು: ಇದನ್ನು ಸಮರ್ಪಣೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹೂ ತಾನು ಬೆಳೆದದ್ದು, ಉಪವಾಸ ತಾನು ಮಾಡಿದ್ದು. ಮಗಳ ಬಾಳು ಅಪ್ಪನ ಹರಕೆಯ ಸರಕಲ್ಲ. ಬಸವಣ್ಣನವರ ಕಾಲದ ಶರಣರು ಕಾಯಕವನ್ನು ಭಕ್ತಿಯ ಜೊತೆ ಕಟ್ಟಿದ್ದರಲ್ಲೂ ತನ್ನದನ್ನು ಮಾತ್ರ ಕೊಡಬೇಕೆಂಬ ಈ ಗೆರೆಯೇ ಕಾಣುತ್ತದೆ.

ಭಕ್ತಿಯ ಮೇಲಿನ ಈ ಎರಡು ದಿನದ ವಿಚಾರ ಸಂಕಿರಣದಲ್ಲಿ ಸಗುಣ, ನಿರ್ಗುಣ, ದ್ವೈತ, ಅದ್ವೈತ ಎಲ್ಲ ಬರಲಿ. ಸಂಘಟಕರಲ್ಲಿ ಒಂದೇ ಬೇಡಿಕೆ. ನಾಳೆಯ ಕೊನೆಯ ಗೋಷ್ಠಿಯಲ್ಲಿ ಒಬ್ಬ ಗೊರವಯ್ಯನನ್ನು, ಹೂ ಕಟ್ಟುವ ಒಬ್ಬ ತಾಯಿಯನ್ನು, ಒಬ್ಬ ಮಾಜಿ ದೇವದಾಸಿಯನ್ನು ಈ ವೇದಿಕೆಯ ಕುರ್ಚಿಯ ಮೇಲೆ ಕೂರಿಸಿ. ಅವರು ಮಾತಾಡುವಾಗ ನಾವು ಕೆಳಗೆ ಕೂತು ಕೇಳೋಣ.